ಎಂಟು ಪಟ್ಟಿಯ ಸ್ಪ್ರಿಂಗ್

ಕಳೆದ ತಿಂಗಳು ಅಮೆರಿಕದ ಮಿಷಿಗನ್ ರಾಜ್ಯದಲ್ಲಿರುವ ಪ್ಲಿಮತ್‌ನ ನಮ್ಮ ಮನೆಗೆ ಗೆಳೆಯರ ಮಗಳು ಸಿರಿ ಬಂದಿದ್ದಳು. ಇಲ್ಲೇ ಹುಟ್ಟಿ ಬೆಳೆದವಳು. ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿದ್ದಾಳೆ. ಟ್ರಕ್ಕುಗಳಿಗೆ ಸ್ಪ್ರಿಂಗ್ ಮಾಡುವ ಒಂದು ಕಂಪನಿಯಲ್ಲಿ ಕೆಲಸ ಸಿಕ್ಕಿದೆ ಎಂದು ಹೇಳಲು ಸ್ವೀಟ್ ಡಬ್ಬ ಹಿಡಿದು ಬಂದಿದ್ದಳು.

"ಅಂಕಲ್, ಯು ಡಿಡ್ ದಿಸ್ ಯುವರ್ ಹೋಲ್ ಲೈಫ್. ವಾಟ್ ವಾಸ್ ಇಟ್ ರಿಯಲಿ ಲೈಕ್?" ಎಂದು ಕೇಳಿದಳು.

"ಚೆನ್ನಾಗಿತ್ತಮ್ಮ" ಅಂದೆ. ಅವಳು ನಕ್ಕಳು.

ಅವಳು ಹೋದ ಮೇಲೆ ನನ್ನ ಹೆಂಡತಿ ಸುಧಾ, "ಏನ್ರೀ, ಅಷ್ಟೇನಾ ಹೇಳೋದು? ಲೆನ್ ವಿಷಯ ಒಂದು ಮಾತೂ ಎತ್ತಲಿಲ್ವಲ್ಲ" ಅಂದಳು.

ಎತ್ತಲಿಲ್ಲ, ನಿಜ. ಬಾಯಲ್ಲಿ ಹೇಳಲು ಆಗದ್ದನ್ನು ಬರೆದಾದರೂ ಕೊಡೋಣ ಎಂದು ಕೂತಿದ್ದೇನೆ. ಸಿರಿಗೆ ಕನ್ನಡ ಓದಲು ಬರುವುದಿಲ್ಲ. ಅವಳ ಅಮ್ಮ ಓದಿ ಹೇಳುತ್ತಾರೆ. ನಾನು ಇಂಗ್ಲಿಷಿನಲ್ಲಿ ಬರೆದರೆ ಎಲ್ಲವೂ ಟೆಸ್ಟ್ ರಿಪೋರ್ಟ್ ಆಗಿಬಿಡುತ್ತದೆ, ಅದಕ್ಕೇ ಕನ್ನಡ.

ಮೊದಲು ಕೆಲಸ ಏನೆಂದು ಹೇಳಿಬಿಡುತ್ತೇನೆ. ಉಕ್ಕಿನ ಪಟ್ಟಿಗಳನ್ನು ಬಿಲ್ಲಿನಂತೆ ಬಾಗಿಸಿ, ಒಂದರ ಮೇಲೊಂದು ಜೋಡಿಸಿ, ನಡುವೆ ಬೋಲ್ಟ್ ಹಾಕಿ ಬಿಗಿದರೆ ಅದು ಲೀಫ್ ಸ್ಪ್ರಿಂಗ್. ಟ್ರಕ್ಕಿನ (ಲಾರಿಯಲ್ಲ, ಹಿಂದೆ ತೆರೆದ ತೊಟ್ಟಿಯಿರುವ ಪಿಕಪ್) ಭಾರವೆಲ್ಲ ಅದರ ಮೇಲೆ ಕೂರುತ್ತದೆ. ನಮ್ಮ ಗಿರಾಕಿಗಳು ಕಾಡುದಾರಿಯಲ್ಲಿ, ಕಲ್ಲುಬಂಡೆಗಳ ಮೇಲೆ ಓಡಿಸುವವರು. ಹೊಟ್ಟೆ ಕಲ್ಲಿಗೆ ತಾಗದಂತೆ ಟ್ರಕ್ ಎತ್ತರಕ್ಕಿರಬೇಕು, ಒಳಗೆ ಕೂತವರ ಸೊಂಟವೂ ಉಳಿಯಬೇಕು. ಇವೆರಡೂ ಒಟ್ಟಿಗೆ ಸುಲಭವಾಗಿ ಕೂಡಿ ಬರುವುದಿಲ್ಲ. ನಾಲ್ಕು ದಪ್ಪ ಪಟ್ಟಿ ಹಾಕಿದರೆ ಎತ್ತರ ವರ್ಷಗಟ್ಟಲೆ ನಿಲ್ಲುತ್ತದೆ, ಆದರೆ ದಾರಿಯ ಪ್ರತಿಯೊಂದು ಕಲ್ಲೂ ಬೆನ್ನಿಗೆ ಬಂದು ಬಡಿಯುತ್ತದೆ. ಎಂಟು ತೆಳು ಪಟ್ಟಿ ಹಾಕಿ ಹೆಚ್ಚು ಬಾಗಿಸಿದರೆ ಮೆತ್ತಗೆ ಹೋಗುತ್ತದೆ, ಆದರೆ ಮಾಡುವಾಗ ಹದ ತಪ್ಪಿದರೆ ಕೆಲವೇ ತಿಂಗಳಲ್ಲಿ ಕುಸಿದು ಕೂರುತ್ತದೆ. ನನ್ನ ಇಪ್ಪತ್ತಾರು ವರ್ಷ ಈ ಎರಡರ ನಡುವೆಯೇ ಕಳೆದುಹೋಯಿತು.

ಷಿಕಾಗೋ ಬಳಿಯ ಲೊಂಬಾರ್ಡ್‌ನಲ್ಲಿ ಎರಡು ವರ್ಷ ಕಂಪ್ಯೂಟರಿನಲ್ಲಿ ಯಂತ್ರಗಳ ಚಿತ್ರ ಬರೆದುಕೊಂಡಿದ್ದ ನಾನು, ಇಲ್ಲೇ ಮಿಷಿಗನ್ನಿನ ಸ್ಟರ್ಲಿಂಗ್ ಹೈಟ್ಸ್‌ನ ಒಂದು ಸಣ್ಣ ಸ್ಪ್ರಿಂಗ್ ಕಾರ್ಖಾನೆಗೆ ಬಂದು ಸೇರಿದೆ. ವಿನ್ಯಾಸ ವಿಭಾಗದ ಮುಖ್ಯಸ್ಥರು ಲೆನ್. ಹದಿನೆಂಟನೇ ವಯಸ್ಸಿಗೆ ಅದೇ ಕಾರ್ಖಾನೆಯ ಕುಲುಮೆಯ ಮುಂದೆ ನಿಂತವರು, ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ನಂಜುಂಡ ಎಂಬ ನನ್ನ ಹೆಸರನ್ನು ಎರಡು ಸಲ ಹೇಳಲು ಪ್ರಯತ್ನಿಸಿ, "ನಂಜು ಅಂದ್ರೆ ಬೇಜಾರಿಲ್ಲ ತಾನೆ?" ಎಂದು ಕೇಳಿದರು. ನಂಜು ಎಂದರೆ ವಿಷ ಎಂದು ನಾನು ಅವರಿಗೆ ಕೊನೆಯವರೆಗೂ ಹೇಳಲಿಲ್ಲ. ಅವರು ಮಾತನಾಡಿದ್ದೆಲ್ಲ ಇಂಗ್ಲಿಷೇ. ಆದರೆ ನನ್ನ ನೆನಪಿನಲ್ಲಿ ಅವರ ಮಾತು ಈಗ ಮೈಸೂರಿನ ಕನ್ನಡದಲ್ಲೇ ಕೇಳಿಸುತ್ತದೆ.

ಮೊದಲ ವಾರ ನಾನೊಂದು ಸ್ಪ್ರಿಂಗಿನ ಲೆಕ್ಕ ಮಾಡಿ ಹಾಳೆ ಒಯ್ದು ಕೊಟ್ಟೆ. ಅವರು ಅದನ್ನು ನೋಡಲಿಲ್ಲ. ನನ್ನನ್ನು ಒಂದು ಟ್ರಕ್ಕಿನ ಹಿಂದಿನ ಸೀಟಿನಲ್ಲಿ ಕೂರಿಸಿ, ಊರಾಚೆಯ ಹಳೆಯ ಜಲ್ಲಿ ಕ್ವಾರಿಗೆ ಕರೆದೊಯ್ದು, ಹೊಂಡಗಳ ಮೇಲೆ ಮುಕ್ಕಾಲು ಗಂಟೆ ಓಡಿಸಿದರು. ಇಳಿದಾಗ ನನಗೆ ನೆಟ್ಟಗೆ ನಿಲ್ಲಲಾಗಲಿಲ್ಲ.

"ಎಲ್ಲಿ ನೋವಾಯ್ತು?" ಎಂದು ಕೇಳಿದರು.

"ಸೊಂಟ. ಆಮೇಲೆ ಕತ್ತು."

"ಸೊಂಟಕ್ಕೆ ಬಡಿದರೆ ಸ್ಪ್ರಿಂಗ್ ಗಟ್ಟಿ. ಕತ್ತು ಹಿಂದೆ ಮುಂದೆ ಆದರೆ ಟ್ರಕ್ ಮುಂದೆ ಒಂದು ಥರ, ಹಿಂದೆ ಒಂದು ಥರ ಕುಣೀತಿದೆ ಅಂತ. ಈಗ ನಿನ್ನ ಹಾಳೆ ಕೊಡು, ಓದ್ತೀನಿ."

ಅಂದಿನಿಂದ ನನ್ನ ಯಾವ ಲೆಕ್ಕವನ್ನೂ ಅವರು ನಾನು ಟ್ರಕ್ಕಿನಲ್ಲಿ ಕೂತು ಬರುವ ಮೊದಲು ಓದಲಿಲ್ಲ.

ಎರಡನೇ ವರ್ಷ ದೊಡ್ಡ ತಪ್ಪು ಮಾಡಿದೆ. ಉತ್ತರ ಮಿಷಿಗನ್‌ನ ಒಬ್ಬ ಬೇಟೆಗಾರ ಮೂರು ಇಂಚು ಎತ್ತರಿಸುವ ಸ್ಪ್ರಿಂಗ್ ಕೇಳಿದ್ದ. ಮುಂದುಗಡೆ ಉಕ್ಕಿನ ಬಂಪರ್, ಟ್ರಕ್ ಎಳೆಯುವ ವಿಂಚ್, ಹಿಂದೆ ಮಲಗಲು ಗೂಡು ಇದೆ ಎಂದು ಫಾರಂನಲ್ಲಿ ಬರೆದಿದ್ದ. ಅಷ್ಟೂ ಭಾರಕ್ಕೆ ತಕ್ಕಂತೆ ಮಾಡಿ ಕಳಿಸಿದೆ. ಅವನೋ ಅವನ್ನೆಲ್ಲ ಮುಂದಿನ ವರ್ಷ ಹಾಕಿಸುವವನಿದ್ದ! ಖಾಲಿ ಟ್ರಕ್ ಐದು ಇಂಚು ಎದ್ದು ನಿಂತಿತು, ಹಲಗೆಯ ಮೇಲೆ ಕೂತ ಹಾಗೆ ಬಡಿಯಿತು. ಅವನು ನೂರಾರು ಮೈಲಿ ಡ್ರೈವ್ ಮಾಡಿಕೊಂಡು ನೇರ ಕಾರ್ಖಾನೆಗೇ ಬಂದ. ಜೊತೆಯಲ್ಲಿ ಅವನ ವಯಸ್ಸಾದ ತಾಯಿ. ಆಕೆಗೆ ಟ್ರಕ್ಕಿನಿಂದ ಇಳಿಯಲು ಆಗುತ್ತಿರಲಿಲ್ಲ. ಇಬ್ಬರು ಹಿಡಿದು ಇಳಿಸಬೇಕಾಯಿತು. ಅವನ ಕೂಗಾಟ ಕೇಳಿ ನಾನು ಬೆವರಿಹೋದೆ.

ಲೆನ್ ಹೊರಗೆ ಹೋಗಿ, "ಈ ಸ್ಪ್ರಿಂಗ್ ನಂದು. ತಪ್ಪೂ ನಂದೇ" ಎಂದರು. ಸಂಜೆಯೊಳಗೆ ಒಂದೊಂದು ಪಟ್ಟಿ ತೆಗೆಸಿ ಟ್ರಕ್ ಸರಿಮಾಡಿಸಿ ಕಳಿಸಿದರು. ಆಮೇಲೆ ನನ್ನ ಮೇಜಿನ ಹತ್ತಿರ ಬಂದು ಹೇಳಿದ್ದು ಇಷ್ಟೇ: "ಫಾರಂ ಓದ್ಬೇಡ. ಫೋನ್ ಮಾಡಿ ಕೇಳು. ಟ್ರಕ್‌ನಲ್ಲಿ ಇವತ್ತು ಏನಿದೆ, ಯಾರು ಕೂರ್ತಾರೆ, ಅವರ ತೂಕ ಎಷ್ಟು. ಮುಂದಿನ ವರ್ಷದ್ದು ಬೇಡ."

ಹೀಗೆ ಒಂಬತ್ತು ವರ್ಷ ಅವರ ಕೈಕೆಳಗೆ ಕಲಿತೆ. ಅವರ ಹೆಮ್ಮೆ ಎಂಟು ಪಟ್ಟಿಯ ಒಂದು ಸ್ಪ್ರಿಂಗ್. ಪಟ್ಟಿಗಳ ತುದಿಯನ್ನು ತೆಳ್ಳಗೆ ತೀಡಿ, ನಡುವೆ ಉಜ್ಜದಂತೆ ಜಾರುಬಿಲ್ಲೆ ಇಟ್ಟು, ಕಳಿಸುವ ಮೊದಲು ಪ್ರೆಸ್‌ನಲ್ಲಿ ಪೂರ್ತಿ ಮಟ್ಟಸವಾಗುವವರೆಗೆ ಮತ್ತೆ ಮತ್ತೆ ಒತ್ತಿಸುತ್ತಿದ್ದರು. ಕುಸಿಯುವುದೇನಿದ್ದರೂ ಇಲ್ಲೇ ಕುಸಿದು ಹೋಗಲಿ, ಗಿರಾಕಿಯ ಮನೆಯಲ್ಲಿ ಬೇಡ ಎಂದು. ಎತ್ತರವೂ ನಿಲ್ಲುತ್ತಿತ್ತು, ಸವಾರಿಯೂ ಮೆತ್ತಗಿರುತ್ತಿತ್ತು. ಆದರೆ ಒಂದು ಜೊತೆ ಮಾಡಲು ಹೊತ್ತು ಹಿಡಿಯುತ್ತಿತ್ತು.

ಆಗ ಹೊಸ ಮ್ಯಾನೇಜರ್ ಬಂದರು. ಕೆಟ್ಟವರಲ್ಲ, ಅವಸರದವರು. ಒಂದು ದಿನ ಮೀಟಿಂಗಿನಲ್ಲಿ ಲೆನ್ ಅವರ ಎಂಟು ಪಟ್ಟಿಯ ಸ್ಪ್ರಿಂಗನ್ನೂ ಹೊಸದೊಂದು ನಾಲ್ಕು ಪಟ್ಟಿಯದನ್ನೂ ಮೇಜಿನ ಮೇಲೆ ಇಟ್ಟರು.

"ಗಿರಾಕಿ ಹತ್ರ ಟೇಪ್ ಇರುತ್ತೆ" ಎಂದರು. "ಮೂರು ಇಂಚು ಅಂತ ಹೇಳಿ ಎರಡೂಮುಕ್ಕಾಲು ಆದ್ರೆ ವಾಪಸ್ ಕಳಿಸ್ತಾನೆ. ಬೆನ್ನು ನೋವು ಅಂತ ಯಾರೂ ವಾಪಸ್ ಕಳಿಸಲ್ಲ. ಕಾಡುದಾರಿ ಅಂದ್ರೆ ಹಾಗೇನೇ ಅಂದ್ಕೊಂಡು ಸುಮ್ನಿರ್ತಾನೆ. ಇನ್ಮೇಲೆ ಎಲ್ಲಾ ಟ್ರಕ್ಕಿಗೂ ನಾಲ್ಕು ಪಟ್ಟಿ ಸಾಕು."

ಲೆನ್ ನನ್ನ ಕಡೆ ಕೈ ತೋರಿಸಿದರು. "ಒತ್ತಿ ಕಳಿಸಿದ ಎಂಟು ಪಟ್ಟಿ ಎಷ್ಟು ಕುಸಿದಿದೆ ಅಂತ ನಂಜು ವರ್ಷಗಟ್ಟಲೆ ಅಳತೆ ತಗೊಂಡಿದಾನೆ. ಅವನನ್ನೇ ಕೇಳಿ."

ಅಳತೆ ನನ್ನ ಫೋಲ್ಡರಿನಲ್ಲಿತ್ತು. ಯಾವುದೂ ಇಂಚಿನ ಎಂಟನೇ ಒಂದು ಭಾಗಕ್ಕಿಂತ ಹೆಚ್ಚು ಕುಸಿದಿರಲಿಲ್ಲ. ಅದನ್ನು ಬಿಚ್ಚಿ ತೋರಿಸಿದ್ದರೆ ಮುಗಿಯುತ್ತಿತ್ತೋ ಏನೋ. ಆದರೆ ವರ್ಷಗಳಿಂದ ಕಾಯುತ್ತಿದ್ದ ನನ್ನ ಗ್ರೀನ್ ಕಾರ್ಡ್ ಅರ್ಜಿ ಆ ವಾರವಷ್ಟೇ ಕೊನೆಯ ಹಂತಕ್ಕೆ ಬಂದಿತ್ತು. ಅದಕ್ಕೆ ಬೇಕಾದ ಕಂಪನಿಯ ಪತ್ರಕ್ಕೆ ಸಹಿ ಹಾಕಿದವರು ಅದೇ ಮ್ಯಾನೇಜರ್. ಬೆಳಿಗ್ಗೆ ಸುಧಾ, "ಅದು ಬರೋವರ್ಗೂ ಯಾರ ತಂಟೆಗೂ ಹೋಗ್ಬೇಡಿ, ನಿಮ್ಮ ಕಾಲಿಗೆ ಬೀಳ್ತೀನಿ" ಎಂದು ಹೇಳಿ ಕಳಿಸಿದ್ದಳು. ಅವಳ ಹೊಟ್ಟೆಯಲ್ಲಿ ಆಗ ನಮ್ಮ ಮಗಳು.

ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

"ಎರಡೂ ನಡೆಯುತ್ತೆ" ಎಂದೆ.

ಲೆನ್ ಎದ್ದರು. ಮೇಜಿನ ಮೇಲಿದ್ದ ತಮ್ಮ ಸ್ಪ್ರಿಂಗನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೊರಗೆ ಹೋದರು. ನಾಲ್ಕು ಪಟ್ಟಿಯ ಹೊಸ ಡ್ರಾಯಿಂಗಿಗೆ ವಿನ್ಯಾಸಕಾರನ ಸಹಿ ಬೇಕಿತ್ತು. ಆ ಸಹಿ ನನ್ನದು. ಅದೇ ವರ್ಷದ ಕೊನೆಗೆ ಅವರು ಕೆಲಸ ಬಿಟ್ಟರು. ಬೀಳ್ಕೊಡುಗೆಯ ದಿನ ಅವರ ಸ್ವಂತ ಟ್ರಕ್ಕಿಗೆಂದು ಕಂಪನಿ ಒಂದು ಜೊತೆ ಹೊಸ ಸ್ಪ್ರಿಂಗ್ ಕೊಟ್ಟಿತು. ನಾಲ್ಕು ಪಟ್ಟಿಯದು. ರಿಬ್ಬನ್ ಕಟ್ಟಿ ಕೊಟ್ಟರು. ಅವರು ಥ್ಯಾಂಕ್ಸ್ ಹೇಳಿ ತೆಗೆದುಕೊಂಡರು, ಮನೆಗೆ ಹೋಗಿ ಹಾಕಿಸಿಯೂ ಕೊಂಡರು.

ಆಮೇಲೆ ಕೆಲಸದ ರೀತಿಯೇ ಬದಲಾಯಿತು. ಗಿರಾಕಿಗೆ ಫೋನ್ ಮಾಡುವುದು ನಿಂತಿತು. ವೆಬ್‌ಸೈಟಿನಲ್ಲಿ ಟ್ರಕ್ಕಿನ ಹೆಸರು, ವರ್ಷ ಒತ್ತಿದರೆ ಸ್ಪ್ರಿಂಗ್ ತಾನೇ ಬರುತ್ತಿತ್ತು. ತೂಕ ಕೇಳುವವರಿಲ್ಲ. ಕ್ವಾರಿಗೆ ಹೋಗುವುದನ್ನು ಇನ್ಶೂರೆನ್ಸ್ ಕಾರಣಕ್ಕೆ ನಿಲ್ಲಿಸಿದರು. ಕಂಪ್ಯೂಟರಿನ ಪರದೆಯ ಮೇಲೆ ಟ್ರಕ್ ಕುಣಿಯುವುದನ್ನು ನೋಡಿ ನಾವು ತಲೆಯಾಡಿಸುತ್ತಿದ್ದೆವು. ಕಂಪ್ಯೂಟರ್ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ ಸಿರಿ. ಅದರಿಂದ ಮುರಿಯುವ ಸ್ಪ್ರಿಂಗುಗಳು ಬಹಳ ಕಡಿಮೆಯಾದವು. ಆದರೆ ಅದಕ್ಕೆ ಸೊಂಟ ಇಲ್ಲ. ನನಗೆ ಗ್ರೀನ್ ಕಾರ್ಡ್ ಬಂತು. ಲೆನ್ ಅವರಿಗೆ ಹಬ್ಬಕ್ಕೆ ಫೋನ್ ಮಾಡುತ್ತಿದ್ದೆ. ಹವಾಮಾನದ ಮಾತು ಆಡಿ ಇಡುತ್ತಿದ್ದೆವು.

ಒಂಬತ್ತು ವರ್ಷದ ಮೇಲೆ, ಆಗಸ್ಟ್ ಕೊನೆಯಲ್ಲಿ, ಅವರ ಹೆಂಡತಿ ಡೋರಿಸ್ ಫೋನ್ ಮಾಡಿದರು. "ನಂಜು, ಲೆನ್ ನಿನ್ನನ್ನು ನೋಡ್ಬೇಕಂತೆ."

ಹೋದೆ. ಕಿಟಕಿಯ ಪಕ್ಕ ದಿಂಬುಗಳ ನಡುವೆ ಕೂತಿದ್ದರು. ಕ್ಯಾನ್ಸರ್ ಮೂಳೆಗೆ ಹರಡಿತ್ತು. ಸೊಂಟದ ಮೂಳೆಯಲ್ಲಿ ಶುರುವಾಗಿ ಮೇಲೆ ಹತ್ತುತ್ತಿದೆ ಎಂದು ಡೋರಿಸ್ ಬಾಗಿಲಲ್ಲೇ ಹೇಳಿದ್ದರು.

"ಕೂತ್ಕೋ. ಒಂದು ಆರ್ಡರ್ ಇದೆ" ಎಂದರು ಲೆನ್.

ಮಿಷಿಗನ್ನಿನ ಎರಡು ಭಾಗಗಳನ್ನು ಜೋಡಿಸುವ ದೊಡ್ಡ ಸೇತುವೆ ದಾಟಿ ಉತ್ತರಕ್ಕೆ ಹೋದರೆ ಕಾಡಿನ ಒಳಗೆ ಅವರದೊಂದು ಮರದ ಮನೆಯಿತ್ತು. ಮದುವೆಯಾದ ಹೊಸತರಲ್ಲಿ ಗಂಡ ಹೆಂಡತಿ ಇಬ್ಬರೇ ಸೇರಿ ಕಟ್ಟಿದ್ದು. ಕೊನೆಯ ಹನ್ನೆರಡು ಮೈಲಿ ಮರದ ದಿಮ್ಮಿ ಸಾಗಿಸುವ ದಾರಿ. ಉದ್ದಕ್ಕೂ ಕಲ್ಲು, ಕೊರಕಲು. ಕಾರು ಹೋಗುವುದಿಲ್ಲ, ಎತ್ತರದ ಟ್ರಕ್ಕೇ ಬೇಕು. ಹಿಮ ಬೀಳುವ ಮೊದಲು ಒಮ್ಮೆ ಅಲ್ಲಿಗೆ ಹೋಗಿ, ಮಧ್ಯಾಹ್ನದ ಬಿಸಿಲಿನಲ್ಲಿ ಮೆಟ್ಟಿಲ ಮೇಲೆ ಕೂರಬೇಕು ಎಂಬುದು ಅವರ ಆಸೆ.

"ಈಗಿರೋ ಸ್ಪ್ರಿಂಗಲ್ಲಿ ನಮ್ಮನೆ ಡ್ರೈವ್‌ವೇ ಇಳಿಯೋಕೂ ಆಗ್ತಿಲ್ಲ ನಂಜು. ಹಳೇ ಎಂಟು ಪಟ್ಟಿದು ಮಾಡ್ಕೊಡ್ತೀಯಾ?"

ಈಗಿರುವ ಸ್ಪ್ರಿಂಗ್ ಯಾವುದು ಎಂದು ಅವರು ಹೇಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ. ನಾನು ಕಾಗದ ತೆಗೆದು, ಅವರೇ ಕಲಿಸಿದ ಹಾಗೆ ಕೇಳಿದೆ. ಬಂಪರ್ ಯಾವುದು, ಹಿಂದೆ ಏನು ಹೊರೆ, ಓಡಿಸುವವರು ಯಾರು.

"ಓಡಿಸೋದು ನೀನು. ಹಿಂದೆ ಡೋರಿಸ್. ನಿನ್ನ ಪಕ್ಕ ನಾನು."

"ನಿಮ್ಮ ತೂಕ?"

ಅವರು ಡೋರಿಸ್ ಕಡೆ ನೋಡಿದರು. "ನೂರ ಮೂವತ್ತೆರಡು" ಎಂದರು ಆಕೆ. ಕಾರ್ಖಾನೆಯಲ್ಲಿದ್ದಾಗ ಇನ್ನೂರು ಪೌಂಡ್ ದಾಟಿದ್ದ ಮನುಷ್ಯ. ಬರೆದುಕೊಂಡೆ.

ಮ್ಯಾನೇಜರನ್ನು ಕೇಳಿದಾಗ ಅವರು ತಕ್ಷಣ ಒಪ್ಪಿದರು. "ಶನಿವಾರ ಪ್ರೆಸ್ ಖಾಲಿ ಇರುತ್ತೆ, ಉಪಯೋಗಿಸಿಕೋ. ನನ್ನ ನಮಸ್ಕಾರ ಹೇಳು" ಎಂದರು. ತೊಂದರೆ ಬಂದದ್ದು ಉಕ್ಕಿನದು. ಎಂಟು ಪಟ್ಟಿಯ ಸ್ಪ್ರಿಂಗ್ ನಿಂತ ಮೇಲೆ ಅಷ್ಟು ತೆಳ್ಳಗಿನ ಉಕ್ಕನ್ನು ಕಂಪನಿ ತರಿಸುವುದನ್ನೇ ಬಿಟ್ಟಿತ್ತು. ಗೋದಾಮಿನಲ್ಲಿ ಒಂದು ತುಂಡೂ ಇರಲಿಲ್ಲ. ಎಲ್ಲೆಲ್ಲೋ ಫೋನ್ ಮಾಡಿ, ಮೂರು ವಾರ ಹುಡುಕಿ, ಕಡೆಗೆ ಷಿಕಾಗೋ ಹೊರವಲಯದ ಒಬ್ಬ ವ್ಯಾಪಾರಿಯ ಹತ್ತಿರ ಸಿಕ್ಕಿತು. ಹೋಗಿ ತಂದೆ. ಕಾಯಿಸಿ, ಬಾಗಿಸಿ, ಹದಮಾಡಿ, ಒತ್ತಿಸಲು ಮತ್ತೆ ಎರಡು ಶನಿವಾರ ಹಿಡಿಯಿತು. ಒಟ್ಟು ಐದು ವಾರ. ಅಷ್ಟರಲ್ಲಿ ರೋಗ ಬೆನ್ನುಮೂಳೆಗೆ ಹತ್ತಿತ್ತು.

ಆವತ್ತು ನಾಲ್ಕು ಪಟ್ಟಿಯ ಡ್ರಾಯಿಂಗಿಗೆ ನಾನು ಸಹಿ ಹಾಕದಿದ್ದರೆ ಉಕ್ಕು ನಮ್ಮ ಗೋದಾಮಿನಲ್ಲೇ ಇರುತ್ತಿತ್ತು. ಆಗಸ್ಟಿನಲ್ಲಿ ಕೇಳಿದವರು ಸೆಪ್ಟೆಂಬರ್ ನಡುವಿನಲ್ಲೇ ಆ ಮೆಟ್ಟಿಲ ಮೇಲೆ ಕೂತಿರುತ್ತಿದ್ದರು. ಈ ಲೆಕ್ಕವನ್ನು ನಾನು ಎಷ್ಟು ಸಲ ಮಾಡಿದ್ದೇನೋ ನನಗೇ ಗೊತ್ತಿಲ್ಲ.

ಅಕ್ಟೋಬರಿನಲ್ಲಿ ಹೊರಟೆವು. ಹೆದ್ದಾರಿಯಲ್ಲಿ ಅವರು ಚೆನ್ನಾಗಿಯೇ ಇದ್ದರು. ಸೇತುವೆ ದಾಟಿ ಒಂದು ಮೋಟೆಲಿನಲ್ಲಿ ತಂಗಿ, ಮರುದಿನ ಬೆಳಿಗ್ಗೆ ಕಾಡುದಾರಿಗೆ ಇಳಿದೆವು. ಗಂಟೆಗೆ ಐದಾರು ಮೈಲಿಗಿಂತ ಜೋರಾಗಿ ನಾನು ಬಿಡಲಿಲ್ಲ. ಮೊದಲ ದೊಡ್ಡ ಕೊರಕಲು ಬಂದಾಗ ಉಸಿರು ಬಿಗಿಹಿಡಿದೆ. ಟ್ರಕ್ ತಗ್ಗಿ, ಎದ್ದು, ನಿಧಾನವಾಗಿ ಸಮವಾಯಿತು. ಲೆನ್ ಕಣ್ಣುಮುಚ್ಚಿಕೊಂಡು, "ಹಾಂ. ಇದೇ" ಎಂದರು. ಹಿಂದಿನಿಂದ ಡೋರಿಸ್ ಅವರ ಭುಜದ ಮೇಲೆ ಕೈ ಇಟ್ಟರು.

ಎರಡು ಮೈಲಿ ಹೋದ ಮೇಲೆ ಅವರ ಮಾತು ನಿಂತಿತು. ಮೂರನೇ ಮೈಲಿಯಲ್ಲಿ ಹಣೆ ಬೆವರಿತು. ನಾಲ್ಕು ಮೈಲಿ ಆದಾಗ, "ನಿಲ್ಲಿಸು" ಎಂದರು.

ಎಂಜಿನ್ ಆರಿಸಿದೆ. ಸುತ್ತ ಹಳದಿ ಮೇಪಲ್ ಮರಗಳು. ಡೋರಿಸ್ ಔಷಧಿ ಕೊಟ್ಟು, ನೀರು ಕುಡಿಸಿ, ಸ್ವಲ್ಪ ಓಡಾಡಿ ಬರುತ್ತೇನೆಂದು ಇಳಿದು ಹೋದರು. ಅಳಲು ಹೋದರು ಎಂದು ಇಬ್ಬರಿಗೂ ಗೊತ್ತಿತ್ತು.

"ಸ್ಪ್ರಿಂಗಿಂದ ತಪ್ಪಿಲ್ಲ" ಎಂದರು ಲೆನ್. "ಇದಕ್ಕಿಂತ ಮೆತ್ತಗೆ ಯಾರೂ ಮಾಡೋಕಾಗಲ್ಲ. ಈ ಮೂಳೆ ಇನ್ನು ಯಾವುದನ್ನೂ ತಡೆಯಲ್ಲ, ಅಷ್ಟೆ."

"ಮೂರು ವಾರ ಮೊದಲೇ ಬಂದಿದ್ದರೆ..." ಎಂದು ಶುರುಮಾಡಿದವನಿಗೆ ಮುಂದಕ್ಕೆ ಹೇಳಲಾಗಲಿಲ್ಲ. ಬೇರೆಯದೇ ಬಾಯಿಗೆ ಬಂತು. "ಆವತ್ತು ಮೀಟಿಂಗಲ್ಲಿ ಅಳತೆ ನನ್ನ ಹತ್ತಿರ ಇತ್ತು ಲೆನ್. ಫೋಲ್ಡರ್ ನನ್ನ ತೊಡೆ ಮೇಲೇ ಇತ್ತು. ನಾನು ತೆಗೆಯಲಿಲ್ಲ."

"ಗೊತ್ತು" ಎಂದರು. "ನಾನು ಫೋಲ್ಡರ್ ಕಡೆಯೇ ನೋಡ್ತಿದ್ದೆ."

ನಾನು ಸ್ಟಿಯರಿಂಗ್ ಮೇಲೆ ತಲೆ ಇಟ್ಟು ಅತ್ತೆ. ಅವರು ಸಮಾಧಾನ ಮಾಡಲಿಲ್ಲ. ಪರವಾಗಿಲ್ಲ ಎಂದೂ ಹೇಳಲಿಲ್ಲ. ಆದರೆ ಕಷ್ಟಪಟ್ಟು ಎಡಗೈ ಎತ್ತಿ ನನ್ನ ಬೆನ್ನ ಮೇಲಿಟ್ಟರು. ಡೋರಿಸ್ ಬರುವವರೆಗೂ ತೆಗೆಯಲಿಲ್ಲ.

ಅಲ್ಲಿಂದಲೇ ತಿರುಗಿಸಿದೆವು. ಉಳಿದ ಎಂಟು ಮೈಲಿಯನ್ನು ಅವರು ನೋಡಲಿಲ್ಲ. ನವೆಂಬರಿನಲ್ಲಿ, ಹಿಮ ಬಿದ್ದು ಆ ದಾರಿ ಮುಚ್ಚಿಹೋದ ಮೇಲೆ, ಲೆನ್ ತೀರಿಕೊಂಡರು.

ಡಿಸೆಂಬರಿನಲ್ಲಿ ನಾನು ಆ ಹಳೆಯ ಫೋಲ್ಡರ್ ತೆಗೆದುಕೊಂಡು ಮ್ಯಾನೇಜರ್ ಹತ್ತಿರ ಹೋದೆ. ಅಳತೆಗಳನ್ನೆಲ್ಲ ಒಂದೊಂದಾಗಿ ತೋರಿಸಿದೆ. ಅವರು ಪೂರ್ತಿ ಕೇಳಿದರು. "ಆವತ್ತೇ ಇದನ್ನು ತೋರಿಸಿದ್ದರೆ ನಾನು ಯೋಚನೆ ಮಾಡ್ತಿದ್ದೆ ನಂಜು. ಈಗ ಎಲ್ಲಾ ಮೆಷಿನ್ನೂ ನಾಲ್ಕು ಪಟ್ಟಿಗೇ ಸೆಟ್ ಆಗಿದೆ" ಎಂದರು. ಅವರು ಸುಳ್ಳು ಹೇಳುತ್ತಿದ್ದರು ಎಂದು ಅಂದುಕೊಳ್ಳಲು ಬಹಳ ಪ್ರಯತ್ನಪಟ್ಟೆ. ಆಗಲಿಲ್ಲ. ಅದರ ಮೇಲೂ ಅಲ್ಲೇ ನಿವೃತ್ತಿಯವರೆಗೆ ಕೆಲಸ ಮಾಡಿದೆ. ವಿಶೇಷ ಆರ್ಡರ್ ಎಂದು ವರ್ಷಕ್ಕೆ ಕೆಲವು ಜೊತೆ ಎಂಟು ಪಟ್ಟಿಯದನ್ನು ಮಾಡಲು ಅನುಮತಿ ಸಿಕ್ಕಿತು. ಹೆಚ್ಚಾಗಿ ಬೆನ್ನು ಪೆಟ್ಟಾದವರು, ವಯಸ್ಸಾದವರು ಕೇಳುತ್ತಿದ್ದರು. ಪ್ರತಿಯೊಬ್ಬರಿಗೂ ನಾನೇ ಫೋನ್ ಮಾಡಿ ತೂಕ ಕೇಳುತ್ತಿದ್ದೆ.

ಸಿರಿ, ನಿನ್ನನ್ನೂ ಒಂದು ದಿನ ಮೀಟಿಂಗಿನಲ್ಲಿ ಯಾರಾದರೂ ಕೇಳುತ್ತಾರೆ. ನಿನಗೂ ಆವತ್ತು ಮನೆಯ ಕಡೆ ಏನೋ ಒಂದು ಭಯ ಇದ್ದೇ ಇರುತ್ತದೆ. ಭಯಪಡಬೇಡ ಎಂದು ಹೇಳುವ ಯೋಗ್ಯತೆ ನನಗಿಲ್ಲ. ಭಯಪಟ್ಟುಕೊಂಡೇ ಫೋಲ್ಡರ್ ಬಿಚ್ಚು.

ಇನ್ನೊಂದನ್ನು ಹೇಳಿ ಮುಗಿಸುತ್ತೇನೆ. ಲೆನ್ ಹೋದ ಮರುವರ್ಷದ ಮೇ ತಿಂಗಳಲ್ಲಿ ಹಿಮ ಕರಗಿ ದಾರಿ ತೆರೆದಾಗ ಡೋರಿಸ್ ಮತ್ತೆ ಫೋನ್ ಮಾಡಿದರು. ಲೆನ್ ಅವರ ಬೂದಿಯನ್ನು ಕಾಡಿನ ಮನೆಗೆ ಒಯ್ಯಬೇಕಿತ್ತು. ಅದೇ ಟ್ರಕ್ಕಿನಲ್ಲಿ ಹೊರಟೆವು. ಆಕೆ ನನ್ನ ಪಕ್ಕದ ಸೀಟಿನಲ್ಲಿ, ಪೆಟ್ಟಿಗೆ ಆಕೆಯ ತೊಡೆಯ ಮೇಲೆ. ಕಾಡುದಾರಿ ಬಂತು. ಹಿಂದಿನ ಸಲ ನಿಂತಿದ್ದ ಜಾಗವೂ ಬಂದು ಹೋಯಿತು. ನಾನು ಒಂದೊಂದು ಕಲ್ಲನ್ನೂ ಬಳಸಿ, ಒಂದೊಂದು ಕೊರಕಲನ್ನೂ ತಡೆದು ತಡೆದು ಇಳಿಸಿ, ತೆವಳುತ್ತಾ ಹೋಗುತ್ತಿದ್ದೆ.

ಏಳನೇ ಮೈಲಿಯ ಹತ್ತಿರ ಡೋರಿಸ್ ನನ್ನ ತೋಳು ಮುಟ್ಟಿದರು.

"ಸ್ವಲ್ಪ ಜೋರಾಗಿ ಹೋಗ್ಬಹುದು ನಂಜು" ಎಂದರು, ಮೆಲ್ಲಗೆ. "ಲೆನ್‌ಗೆ ಇನ್ನು ನೋಯೋದಿಲ್ಲ."

"ಹೌದು" ಎಂದೆ. ಕಾಲು ಮಾತ್ರ ಬ್ರೇಕಿನ ಮೇಲಿಂದ ಏಳಲಿಲ್ಲ. ಉಳಿದ ಐದು ಮೈಲಿಯನ್ನೂ ಹಾಗೇ ನಿಧಾನವಾಗಿ ಓಡಿಸಿದೆ.